ಗ್ಲೈಡರ್ ಸ್ಪರ್ಧೆಯಲ್ಲಿ ಇಳಿಸುವ ಕೌಶಲಕ್ಕೂ ಅಂಕವಿರಲಿ

ಮಾನ್ಯ ಸಂಪಾದಕರೇ,

ನಮ್ಮ ವಿಜಯಪುರ, ಬೆಳಗಾವಿ ಭಾಗದ ಕಾಲೇಜುಗಳಲ್ಲಿ ರೇಡಿಯೊ ನಿಯಂತ್ರಿತ ಗ್ಲೈಡರ್ ಸ್ಪರ್ಧೆ ಏರ್ಪಡಿಸುವವರು, ಮಾದರಿಯು ಎಷ್ಟು ಹೊತ್ತು ಹಾರಿತು ಎಂಬುದರ ಜೊತೆಗೆ ಎಲ್ಲಿ ಇಳಿಯಿತು ಎಂಬುದನ್ನೂ ಅಳೆಯಬೇಕೆಂದು ಕೋರುತ್ತೇನೆ. ವಿದ್ಯುತ್ ಮೋಟರಿನಿಂದ ಮೇಲೇರಿ ನಂತರ ತೇಲುವ ಗ್ಲೈಡರುಗಳ ಅಂತರರಾಷ್ಟ್ರೀಯ ಎಫ್5ಜೆ ವರ್ಗದಲ್ಲಿ 10 ನಿಮಿಷದ ಹಾರಾಟಕ್ಕೆ ಸೆಕೆಂಡಿಗೊಂದರಂತೆ 600 ಅಂಕಗಳಿದ್ದು, ಗ್ಲೈಡರಿನ ಮೂತಿ ಇಳಿಯುವ ಜಾಗದ ಗುರುತಿನಿಂದ 1 ಮೀಟರಿನೊಳಗೆ ನಿಂತರೆ ಇನ್ನೂ 50 ಅಂಕ ಸಿಗುತ್ತವೆ; ದೂರ ಹೆಚ್ಚಿದಂತೆ ಮೀಟರಿಗೆ 5 ಅಂಕ ಕಡಿಮೆಯಾಗುತ್ತಾ 10 ಮೀಟರಿನಾಚೆ ಏನೂ ಉಳಿಯುವುದಿಲ್ಲ. ನುರಿತವರೆಲ್ಲ ಪೂರ್ಣಾವಧಿ ಹಾರಿಸಿದ ದಿನ ಈ ಅಂಕಗಳೇ ಫಲಿತಾಂಶವನ್ನು ಬದಲಿಸಬಲ್ಲವು.

ಇದು ಅದೃಷ್ಟದ ಮಾತಲ್ಲ, ಕಲಿಯಬಹುದಾದ ವಿದ್ಯೆ. ಗಾಳಿಗೆ ಎದುರಾಗಿ, ಗುರುತಿನ ನೇರಕ್ಕೆ ಗ್ಲೈಡರನ್ನು ಬೇಗನೆ ತಂದು, ಫ್ಲ್ಯಾಪ್‌ಗಳನ್ನು (ರೆಕ್ಕೆಯ ಹಿಂಬದಿಯ ಒಳಗಿನ ಪಟ್ಟಿ) ಕೆಳಗಿಳಿಸಿ ಏಲರಾನ್‌ಗಳನ್ನು (ಹಿಂಬದಿಯ ತುದಿಯತ್ತಣ ಪಟ್ಟಿ) ಮೇಲೆತ್ತುವ ಬ್ರೇಕನ್ನು ಅರ್ಧದಷ್ಟೇ ಬಳಸುತ್ತಾ ಬರಬೇಕು. ಹೀಗೆ ಬಂದರೆ, ಗುರಿ ದಾಟುವಂತಿದ್ದಾಗ ಬ್ರೇಕ್ ಹೆಚ್ಚಿಸಲು, ಮುಟ್ಟದಂತಿದ್ದಾಗ ಸಡಿಲಿಸಲು ಎರಡೂ ಕಡೆ ಅವಕಾಶವಿರುತ್ತದೆ. ಗುರಿ ಮುಟ್ಟದೆಂದು ಗಾಬರಿಯಿಂದ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿ) ಎಳೆದು ಮೂತಿ ಎತ್ತಿದರೆ ವೇಗ ಕುಸಿದು ಗ್ಲೈಡರ್ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬೀಳುತ್ತದೆ. ಹೊಸಬರ ರೆಕ್ಕೆ ಮುರಿಯುವುದು ಬಹುಪಾಲು ಹೀಗೆಯೇ. ಬ್ರೇಕ್ ಹಾಕಿದಾಗ ಮೂತಿ ಏರದಂತೆ ಎಲಿವೇಟರಿನ ಹೊಂದಾಣಿಕೆಯನ್ನು ಟ್ರಾನ್ಸ್‌ಮಿಟರಿನಲ್ಲಿ ಮೊದಲೇ ಮಾಡಿಕೊಂಡಿರಬೇಕು. ನೆಲದ ಹತ್ತಿರ ಗಾಳಿ ದುರ್ಬಲವಾಗುವುದರಿಂದ, ಕೊನೆಯ ಕೆಲವು ಮೀಟರುಗಳಿಗಾಗಿ ತುಸು ವೇಗ ಉಳಿಸಿಕೊಳ್ಳುವುದೂ ಅಗತ್ಯ.

ಜೋಳದ ಕಟಾವಿನ ನಂತರ ಬಯಲಾಗುವ ನಮ್ಮ ಎರೆಹೊಲಗಳು ಈ ಅಭ್ಯಾಸಕ್ಕೆ ತಕ್ಕ ಜಾಗ. ಬೆಳಗಾವಿಯವರು ಮಾತ್ರ ಸಾಂಬ್ರಾ ವಿಮಾನ ನಿಲ್ದಾಣವಿರುವುದರಿಂದ ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಯೇ ಸ್ಥಳ ಆರಿಸಬೇಕು. ಸಂಘಟಕರಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಒಂದು ಅಳತೆ ಟೇಪು, ಸುಣ್ಣದ ಗುರುತು ಮತ್ತು ಗುರುತಿನಿಂದ ಪ್ರೇಕ್ಷಕರನ್ನು ದೂರವಿರಿಸುವ ಹಗ್ಗ ಸಾಕು.

– ಮಾದರಿ ವಿಮಾನ ಹವ್ಯಾಸಿ, ವಿಜಯಪುರ