ಬೆಂಡ್ ಪೈಪ್ ಬದಲಿಸುವ ಮುನ್ನ

ಮಾನ್ಯರೇ,

ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬೆಂಡ್ ಪೈಪನ್ನು ಅಗ್ಗದ್ದೇ ತರಿಸಿ ಮನೆಯಲ್ಲೇ ಬೈಕಿಗೆ ಕೂರಿಸುವವರು ಹೆಚ್ಚಿದ್ದಾರೆ. ಕೆಲಸ ಕಷ್ಟದ್ದಲ್ಲ, ಕೆಡಿಸುವುದು ಅವಸರ. ಪೈಪನ್ನು ಎಂಜಿನ್‌ಗೆ ಬಿಗಿಯುವ ಬೋಲ್ಟಿನಂಥ, ತುಕ್ಕು ಹಿಡಿದ ಸ್ಟಡ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಉದ್ದ ಸ್ಪ್ಯಾನರ್‌ನಿಂದ ಜಗ್ಗಿದರೆ ಸ್ಟಡ್ ಸಿಲಿಂಡರ್ ಹೆಡ್‌ನಲ್ಲೇ ಮುರಿಯುತ್ತದೆ. ಕೊರೆದು ತೆಗೆಸುವ ಖರ್ಚು ಪೈಪಿನ ಬೆಲೆಯನ್ನೇ ಮೀರೀತು.

ಅಗ್ಗದ ಪೈಪಿನ ಫ್ಲೇಂಜ್ (ಎಂಜಿನ್‌ಗೆ ಕೂರುವ ಚಪ್ಪಟೆ ಪಟ್ಟಿ) ವೆಲ್ಡಿಂಗ್ ಶಾಖಕ್ಕೆ ಸೊಟ್ಟಗಾಗಿರಬಹುದು. ಸ್ಟೀಲ್ ಸ್ಕೇಲ್ ಇಟ್ಟು ನೋಡಿ, ಅರದಿಂದ ಸಮ ಮಾಡಿ. ಜೋಡಣೆ ಸೋರದಂತೆ ನಡುವೆ ಹಾಕುವ ಗ್ಯಾಸ್ಕೆಟ್ ಹೊಸದೇ ಇರಲಿ. ನಟ್‌ಗಳನ್ನು ಮೊದಲು ಕೈಯಿಂದಷ್ಟೇ ತಿರುಗಿಸಿ. ಸೈಲೆನ್ಸರ್ ಬ್ರಾಕೆಟ್ ಕೂತ ಮೇಲೆ ಎರಡೂ ನಟ್ಟುಗಳನ್ನು ಸರದಿಯಂತೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಪೈಪ್ ಓರೆಯಾಗಿ ಹೊಗೆ ಸೋರುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಜೋಡಣೆಗೆ ಸೋಪಿನ ನೀರು ಚಿಮುಕಿಸಿ, ಗುಳ್ಳೆ ಬಂದರೆ ಸೋರಿಕೆ ಇದೆ. ಒಮ್ಮೆ ಓಡಿಸಿ, ತಣಿದ ಮೇಲೆ ಮತ್ತೆ ಬಿಗಿ ನೋಡಿ.

ಹೊಸ ಹೊಗೆ ನಿಯಮದ ಬಿಎಸ್–6 ಬೈಕುಗಳ ವಿಷಯ ಬೇರೆ. ಪೈಪಿನಲ್ಲಿ ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೂ ಮೊದಲು ಸೋರಿಕೆ ಇದ್ದರೆ ಹೊರಗಿನ ಗಾಳಿ ನುಗ್ಗಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ಸಾಲದೆಂದು ತಪ್ಪು ತಿಳಿದು ಸುಮ್ಮನೆ ಹೆಚ್ಚು ಸುರಿಯುತ್ತದೆ. ಸೆನ್ಸರ್‌ಗೆ ಜಾಗವೇ ಇಲ್ಲದ ಪೈಪನ್ನಂತೂ ಕೊಳ್ಳಲೇಬೇಡಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಕಾನೂನುಬಾಹಿರ. ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡವೋ ಆರು ತಿಂಗಳವರೆಗೆ ಜೈಲೋ, ಇಲ್ಲವೇ ಎರಡೂ ಆಗಬಹುದು. ಪೈಪ್ ಮಾರುವವರು ಈ ಶಿಕ್ಷೆಯ ವಿಷಯವನ್ನು ಅದರ ಡಬ್ಬಿಯ ಮೇಲೆ ಅಚ್ಚು ಹಾಕುವಂತೆ ಸಾರಿಗೆ ಇಲಾಖೆ ಸೂಚಿಸಲಿ.

– ಒಬ್ಬ ಮೆಕ್ಯಾನಿಕ್, ಹುಬ್ಬಳ್ಳಿ