ಅಪ್ಪಯ್ಯನ್ನ ಎಲ್ಲಿಗೂ ಕಳಿಸ್ಬೇಡಿ

ಹ್ಯಾಮಿಲ್ಟನ್, ಕೆನಡಾ, ಭಾನುವಾರ

ಪ್ರೀತಿಯ ಅಕ್ಕಂಗೆ,

ಎಲ್ರೂ ಕ್ಷೇಮ ಅಂದ್ಕೊಂಡಿದೀನಿ, ನಾನೂ ಕ್ಷೇಮ. ನಿನ್ನ ಪತ್ರ ಓದ್ದೆ. ಫೋನಲ್ಲಿ ಅತ್ತಿಗೆ ಎದುರು ಮಾತಾಡಕ್ಕಾಗಲ್ಲ ಅಂದಿದೀಯಲ್ಲ, ಅದಕ್ಕೇ ನಾನೂ ಬರೀತಿದೀನಿ, ಭಾವಂಗೂ ತೋರ್ಸು, ಅಮ್ಮಂಗೆ ಎಷ್ಟು ಬೇಕೋ ಅಷ್ಟು ಹೇಳು ಸಾಕು.

ಮೊದ್ಲು, ಟಿಬಿ ಮಾತ್ರೆ ತಗೊಂಡ್ಮೇಲೆ ಅಪ್ಪಯ್ಯಂಗೆ ಮೂತ್ರ ಕೆಂಪಗೆ ಹೋಗ್ತಿದೆ ಅಂತ ಬರ್ದಿದೀಯಲ್ಲ, ಆ ವಿಷ್ಯ. ಅದು ರಕ್ತ ಅಲ್ಲ ಮಾರಾಯ್ತಿ! ಟಿಬಿ ಮಾತ್ರೆಲಿ ರಿಫಾಂಪಿಸಿನ್ ಅಂತ ಇರತ್ತೆ, ಅದರ ಬಣ್ಣ ಅದು, ತಗೊಂಡೋರಿಗೆಲ್ಲ ಹಂಗೇ ಕಿತ್ತಳೆ ಕೆಂಪಗೆ ಹೋಗತ್ತೆ, ಬೆವರು ಕಣ್ಣೀರಿಗೂ ಒಂಚೂರು ಬರಬಹುದು. ಮಾತ್ರೆ ಕೊಟ್ಟೋರು ಮೊದ್ಲೇ ಹೇಳಿದ್ರೆ ಅಪ್ಪಯ್ಯ ಹೆದರಿ ಅದನ್ನ ಬಚ್ಚಲು ಹಿಂದೆ ಎಸೀತಿರ್ಲಿಲ್ಲ. ಕಣ್ಣು ಹಳದಿ ಆದ್ರೆ, ವಾಂತಿ ನಿಲ್ಲದೇ ಇದ್ರೆ ಆಗ ಡಾಕ್ಟ್ರ ಹತ್ರ ಓಡ್ಬೇಕು, ಇದಕ್ಕಲ್ಲ. ಎಷ್ಟು ದಿನ ಮಾತ್ರೆ ಬಿಟ್ಟಿದಾರೆ ಅಂತ ಮುಚ್ಚಿಡ್ದೇ ಆಶಾ ಕಾರ್ಯಕರ್ತೆ ಹತ್ರ ಹೇಳಿ, ಬೈದ್ರೆ ಬೈಸ್ಕೊಳ್ಳಿ, ಅರ್ಧಕ್ಕೆ ಬಿಟ್ರೆ ಆಮೇಲೆ ಆ ಮಾತ್ರೆನೇ ನಾಟದ ಟಿಬಿ ಆಗಬಹುದು, ಅದು ಬಂದ್ರೆ ಬಹಳ ಕಷ್ಟ.

ಇನ್ನು ನೀನು ಬರ್ದಿರೋ ಎರಡನೇದು. ಶೋಭಾಳ ಮದ್ವೆ ಮುಗಿಯೋವರೆಗೆ ಅಪ್ಪಯ್ಯನ್ನ ದೂರ ಎಲ್ಲಾದ್ರೂ ಸೇರ್ಸಿಬಿಡೋಣ, ಗಂಡಿನ ಕಡೆಯೋರಿಗೆ ಗೊತ್ತಾಗೋದು ಬೇಡ ಅಂತ. ನಿನ್ನ ಸಂಕಟ ನಂಗೆ ಅರ್ಥ ಆಗತ್ತೆ ಅಕ್ಕ, ಆದ್ರೂ ಅದೊಂದು ಮಾತ್ರ ಬೇಡ. ಯಾಕೆ ಹೇಳ್ತೀನಿ ಕೇಳು.

ಈ ಊರಿನ ಮಧ್ಯದಲ್ಲೊಂದು ದಿಬ್ಬ ಇದೆ, ಇವ್ರು ಅದಕ್ಕೆ ಮೌಂಟೇನ್ ಅಂತಾರೆ! ನಮ್ಮ ಕುಂದಾದ್ರಿ ಬೆಟ್ಟ ತೋರ್ಸಿದ್ರೆ ಇವ್ರು ಏನಂತಾರೋ. ಅದರ ಅಂಚಲ್ಲಿ ಎರಡು ಅಡ್ಡಪಟ್ಟಿ ಇರೋ ದೊಡ್ಡ ಶಿಲುಬೆ ನಿಲ್ಸಿದಾರೆ. ಯಾವ್ದೋ ಚರ್ಚಿಂದು ಅಂದ್ಕೊಂಡಿದ್ದೆ, ಕೇಳಿದ್ರೆ ಅದು ಟಿಬಿ ವಿರುದ್ಧದ ಗುರುತಂತೆ. 1906ರಲ್ಲಿ ಅಲ್ಲೊಂದು ಟಿಬಿ ಸ್ಯಾನಟೋರಿಯಂ, ಅಂದ್ರೆ ಟಿಬಿ ಬಂದೋರನ್ನ ತುಂಬಾ ದಿನ ಇಟ್ಕೊಳ್ಳೋ ಆಸ್ಪತ್ರೆ, ಶುರುವಾಗಿತ್ತು. ನಾನು ಕೆಲ್ಸ ಮಾಡೋ ವೃದ್ಧಾಶ್ರಮದಲ್ಲಿ ಒಬ್ರು ಅಜ್ಜಿ ಇದಾರೆ, ವಯಸ್ಸಿದ್ದಾಗ ಅಲ್ಲಿ ನರ್ಸ್ ಆಗಿದ್ರು. ರಾತ್ರಿ ನಿದ್ದೆ ಬರ್ದಿದ್ರೆ ನನ್ನ ಕೂರ್ಸ್ಕೊಂಡು ಹೇಳೋದೆಲ್ಲ ಅದೇ ಕತೆ.

ಈ ದೇಶದ ಉತ್ತರದ ತುದೀಲಿ, ಹಿಮದಲ್ಲಿ, ಇನ್ಯುಯಿಟ್ ಅಂತ ಮೂಲನಿವಾಸಿಗಳಿದಾರೆ. ತಿಮಿಂಗಿಲ ಬೇಟೆಯೋರು, ವ್ಯಾಪಾರದೋರು ಹೋಗಿ ಹೊಸ ಹೊಸ ಕಾಯಿಲೆ ಹಬ್ಬಿಸಿದ್ರು, ಆಮೇಲೆ ಸರ್ಕಾರ ಅವ್ರನ್ನ ಸಣ್ಣ ಸಣ್ಣ ಮನೆಲಿ ಒತ್ತೊತ್ತಾಗಿ ಕೂರ್ಸ್ತು, ಟಿಬಿ ಹರಡೋಕೆ ಇನ್ನೇನು ಬೇಕು. 1950ರಿಂದ ಸಿ.ಡಿ. ಹೋವ್ ಅಂತ ಸರ್ಕಾರಿ ಹಡಗು ಬೇಸಿಗೆಲಿ ಊರೂರಿಗೆ ಹೋಗ್ತಿತ್ತು. ಎಲ್ರನ್ನೂ ಹಡಗು ಹತ್ತಿಸಿ ಎಕ್ಸ್‌ರೇ ತೆಗೆಯೋದು, ಎದೇಲಿ ಮಚ್ಚೆ ಕಂಡ್ರೆ ಅಲ್ಲೇ ಇಟ್ಕೊಳ್ಳೋದು. ಎಷ್ಟೋ ಜನಕ್ಕೆ ದಡಕ್ಕಿಳಿದು ಮಕ್ಕಳಿಗೆ ಬರ್ತೀನಿ ಅಂತ ಹೇಳೋಕೂ ಬಿಡ್ಲಿಲ್ಲ. ಇವ್ರ ಹೆಸ್ರು ಸರ್ಕಾರದೋರ ಬಾಯಿಗೆ ಬರಲ್ಲ ಅಂತ ಒಬ್ಬೊಬ್ರಿಗೂ ನಂಬರ್ ಬಿಲ್ಲೆ ಬೇರೆ ಕೊಟ್ಟಿದ್ರು, ಕತ್ತಲ್ಲಿ ಹಾಕ್ಕೊಳ್ಳೋಕೆ! ನಮ್ಮ ದನಕ್ಕಾದ್ರೂ ಗೌರಿ ಗಂಗೆ ಅಂತ ಹೆಸ್ರಿದೆ.

1956ರ ಹೊತ್ತಿಗೆ ಏಳು ಇನ್ಯುಯಿಟ್ ಜನರಲ್ಲಿ ಒಬ್ರು ದಕ್ಷಿಣದ ಆಸ್ಪತ್ರೆಗಳಲ್ಲಿದ್ರಂತೆ. ಈ ಹ್ಯಾಮಿಲ್ಟನ್ ಒಂದಕ್ಕೇ 1,200ಕ್ಕೂ ಹೆಚ್ಚು ಜನ ಬಂದಿದ್ರು. ವರ್ಷ, ಎರಡು ವರ್ಷ, ಅದಕ್ಕೂ ಹೆಚ್ಚು ಮಲಗೇ ಇದ್ರು. ಹಸಿ ಮಾಂಸ ತಿಂದು ಬೆಳೆದೋರಿಗೆ ಬೇಯ್ಸಿದ ಆಲೂಗಡ್ಡೆ. ಮಂಚದ ಮೇಲೇ ಕೂತು ಮೆತ್ತನೆ ಕಲ್ಲಲ್ಲಿ ಸೀಲ್, ಕರಡಿ ಕೆತ್ತುತಿದ್ರು, ಅವುಗಳಲ್ಲಿ ಕೆಲವು ಈಗ ಇಲ್ಲಿನ ಆರ್ಟ್ ಗ್ಯಾಲರೀಲಿದಾವೆ, ನಾನೂ ನೋಡ್ಕೊಂಡು ಬಂದೆ, ಏನ್ ಕೈ ಅಕ್ಕ ಅವ್ರದ್ದು! ಆ ಅಜ್ಜಿ ಒಂದು ಪುಟ್ಟ ಹುಡುಗಿ ಬಗ್ಗೆ ಹೇಳ್ತಾರೆ. ಮಾತು ಆಗಷ್ಟೇ ಬಂದಿತ್ತಂತೆ, ನರ್ಸ್‌ಗಳೇ ತಲೆ ಬಾಚಿ, ಇಂಗ್ಲಿಷ್ ಪದ್ಯ ಹೇಳ್ಕೊಟ್ಟು ಮುದ್ದು ಮಾಡಿ ಸಾಕಿದ್ರಂತೆ. ವಾಪಸ್ ಹೋಗೋ ಹೊತ್ತಿಗೆ ಅದಕ್ಕೆ ಅಮ್ಮನ ಭಾಷೆ ಒಂದಕ್ಷರ ಬರ್ತಿರ್ಲಿಲ್ಲ. "ನಾವು ಒಳ್ಳೇದೇ ಮಾಡಿದ್ವಿ" ಅಂತಾರೆ, ಸುಮ್ನಾಗ್ತಾರೆ, ಮತ್ತೆ ಅದನ್ನೇ ಹೇಳ್ತಾರೆ. ಔಷಧಿ ಕೊಟ್ಟು ಬದುಕಿಸಿದ್ದೂ ನಿಜನೇ ಬಿಡು. ಆದ್ರೆ ಸತ್ತೋರನ್ನ ಇಲ್ಲೇ ಹೂಳಿದ್ರು, ಎಷ್ಟೋ ಮನೆಗಳಿಗೆ ಎಲ್ಲಿ ಅಂತ ತಿಳಿಸ್ಲೂ ಇಲ್ಲ. 2019ರಲ್ಲಿ ಆಗಿನ ಪ್ರಧಾನಿ ಟ್ರುಡೊ ಉತ್ತರದ ಇಕಾಲುಯಿಟ್ ಅನ್ನೋ ಊರಿಗೆ ಹೋಗಿ ಕ್ಷಮೆ ಕೇಳಿದ್ರು, ಅಲ್ಲೀವರೆಗೂ ಮಕ್ಕಳು ಅಪ್ಪ ಅಮ್ಮನ ಸಮಾಧಿ ಹುಡುಕ್ತಾನೇ ಇದ್ರು, ಈಗ್ಲೂ ಹುಡುಕ್ತಿದಾರೆ.

ತಮಾಷೆ ಏನು ಗೊತ್ತಾ, ಇವ್ರು ಹಡಗಲ್ಲಿ ಜನ ಸಾಗಿಸ್ತಿದ್ದ ಅದೇ ಕಾಲಕ್ಕೆ ನಮ್ಮ ಮದ್ರಾಸಲ್ಲಿ ಟಿಬಿ ಇರೋ ಬಡವರನ್ನ ಎರಡು ಗುಂಪು ಮಾಡಿ, ಒಂದನ್ನ ಸ್ಯಾನಟೋರಿಯಂಲಿಟ್ಟು, ಇನ್ನೊಂದನ್ನ ಅವರವರ ಇಕ್ಕಟ್ಟು ಮನೆಲೇ ಬಿಟ್ಟು, ಇಬ್ರಿಗೂ ಒಂದೇ ಥರದ ಔಷಧಿ ಕೊಟ್ಟು ನೋಡಿದ್ರು. 1959ರಲ್ಲಿ ಫಲಿತಾಂಶ ಬಂತು: ಮನೆಲಿದ್ದೋರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾಗಿದ್ರು, ಮನೆಯೋರಿಗೆ ಅದರಿಂದ ಹೆಚ್ಚು ಅಂಟ್ಲೂ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದೂ ಅದೇ ವರ್ಷ, ಮನೆಲಿದ್ದೇ ಮಾತ್ರೆ ಅನ್ನೋ ಪದ್ಧತಿ ದೇಶಕ್ಕೆಲ್ಲ ರೂಪಿಸಿದ್ದು ಅವ್ರೇ. ಇಲ್ಲಿ ಯಾರಾದ್ರೂ ಇಂಡಿಯಾದಲ್ಲಿ ಇನ್ನೂ ಟಿಬಿ ಇದ್ಯಾ ಅಂತ ಮೂಗು ಮುರಿದ್ರೆ ನಾನು ಇದನ್ನೇ ಹೇಳಿ ಬಾಯಿ ಮುಚ್ಚಿಸ್ತೀನಿ.

ಅದಕ್ಕೇ ಹೇಳ್ತಿರೋದು, ಬೆಳಗ್ಗೆ ಗಂಜಿಗೆ ಅಪ್ಪೆಮಿಡಿ ಇಲ್ದಿದ್ರೆ ಮುಖ ಊದಿಸೋ ಮನುಷ್ಯನ್ನ ಗುರುತು ಪರಿಚಯ ಇಲ್ಲದ ಕಡೆ ತಗೊಂಡೋಗಿ ಬಿಟ್ರೆ ಮಾತ್ರೆನೂ ತಗೊಳ್ಳಲ್ಲ, ಊಟನೂ ಬಿಡ್ತಾರೆ. ಮನೆಲೇ ಕಿಟಕಿ ಇರೋ ಜಗಲಿ ಕೋಣೆ ಕೊಡಿ. ಮಾತ್ರೆ ಸರಿಯಾಗಿ ಎರಡು ಮೂರು ವಾರ ಬಿದ್ರೆ ಅಂಟೋದು ಬಹಳ ಕಮ್ಮಿಯಾಗತ್ತೆ. ಅಲ್ಲೀವರೆಗೆ ಕೆಮ್ಮುವಾಗ ಬಟ್ಟೆ ಅಡ್ಡ ಇಟ್ಕೊಳ್ಳಲಿ, ಮಾಸ್ಕ್ ಹಾಕ್ಲಿ. ತಟ್ಟೆ ಲೋಟ ಬೇರೆ ಇಡೋದು ದಂಡ, ಟಿಬಿ ತಟ್ಟೆಯಿಂದ ಬರಲ್ಲ ಅಂತ ಅತ್ತಿಗೆಗೆ ನೀನೇ ನಯವಾಗಿ ಹೇಳು, ನಾನು ಹೇಳಿದ್ರೆ ಜಗಳ ಆಗತ್ತೆ. ಮನೆಯೋರೆಲ್ಲ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ. ಮಾತ್ರೆ ಫ್ರೀ, ತಿಂಗಳಿಗೆ 1,000 ರೂಪಾಯಿ ಸರ್ಕಾರದೋರೇ ಊಟಕ್ಕೆ ಅಂತ ಖಾತೆಗೆ ಹಾಕ್ತಾರೆ, ಅಪ್ಪಯ್ಯನ ಆಧಾರ್ ಬ್ಯಾಂಕಿಗೆ ಲಿಂಕ್ ಆಗಿದ್ಯಾ ನೋಡು.

ಗಂಡಿನ ಕಡೆಯೋರಿಗೆ ಭಾವನೇ ಹೋಗಿ ನೇರ ಹೇಳ್ಲಿ. ಹುಡುಗ ಓದಿದಾನೆ ಅಲ್ವಾ. ಇಷ್ಟಕ್ಕೇ ಬೇಡ ಅನ್ನೋರಾದ್ರೆ ಈಗ್ಲೇ ಬೇಡ ಅನ್ಲಿ.

ನನ್ನ ಬಗ್ಗೆ ಒಂಚೂರೂ ಚಿಂತೆ ಬೇಡ, ಚೆನ್ನಾಗಿ ತಿಂತಿದೀನಿ, ಚಳಿಗೆ ದಪ್ಪ ಜಾಕೆಟ್ ಇದೆ, ಕೆಲ್ಸ ಹಗುರ, ನೆಗಡಿನೂ ಆಗಿಲ್ಲ, ದುಡ್ಡಿಗೂ ತೊಂದ್ರೆ ಇಲ್ಲ, ನಿಜವಾಗ್ಲೂ. ನಿನ್ನ ಖಾತೆಗೆ ಸ್ವಲ್ಪ ಹಾಕಿದೀನಿ, ಮೊಟ್ಟೆ ಹಾಲಿಗೆ ಇಟ್ಕೋ, ಅಮ್ಮ ಮೊಟ್ಟೆಗೆ ಗಲಾಟೆ ಮಾಡಿದ್ರೆ ಹೊರಗೆ ಬೇಯ್ಸಿ.

ಬಸ್ಸಿಗೆ ಹೊತ್ತಾಯ್ತು, ಶಿಫ್ಟಿದೆ. ಕಫದ ರಿಪೋರ್ಟ್ ಫೋಟೋ ಮರೀದೇ ಕಳ್ಸು, ಎರಡೂ ಪುಟದ್ದು.

ನಿನ್ನ
ಚಂದ್ರು