ಮಗಳಿಗೊಂದು ಪತ್ರ: ನನ್ನ ಷರತ್ತು ವಾಪಸ್

ಪ್ರೀತಿಯ ಪುಟ್ಟಿ,

ಮನೆಯಲ್ಲಿ ಕೊಂಕಣಿ ಮಾತಾಡಿದರೂ ಕಾಗದ ಬರೆಯಲು ಕೂತರೆ ನನಗೆ ಬರುವುದು ಕನ್ನಡವೇ. ಇದು ನಿನ್ನ ಮದುವೆಯ ಮಾತು. ನೀನು ಆರಿಸಿಕೊಂಡ ಹುಡುಗನಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಆಗಿಲ್ಲ ಅಂತ ನಾನು ಷರತ್ತು ಹಾಕಿದ್ದೆನಲ್ಲ, ಅದರ ಬಗ್ಗೆ. ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಜಗಳ ಆಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ದೀಕ್ಷಾಸ್ನಾನದ ಸರ್ಟಿಫಿಕೇಟ್ ತರಲು ಚರ್ಚ್ ಆಫೀಸಿಗೆ ಹೋಗಿದ್ದೆ. ಫಾದರ್ ಆ ದೊಡ್ಡ ರಿಜಿಸ್ಟರ್ ತೆಗೆದರು. ಅಂಚು ಸವೆದು ಬಟ್ಟೆ ಅಂಟಿಸಿದ್ದಾರೆ. ನೀಲಿ ಶಾಯಿಯಲ್ಲಿ ನಿನ್ನ ಹೆಸರು, ನಮ್ಮಿಬ್ಬರ ಹೆಸರು, ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. "ಅವಳು ಎಲ್ಲಿ ಮದುವೆಯಾದರೂ ಆ ಚರ್ಚಿನವರು ನಮಗೆ ತಿಳಿಸಬೇಕು, ನಾವು ಇಲ್ಲಿ ಬರೆಯಬೇಕು" ಎಂದರು. ಆ ಖಾಲಿ ಜಾಗ ನೋಡುತ್ತಾ ತುಂಬಾ ಹೊತ್ತು ನಿಂತೆ.

ಕ್ಯಾನನ್ ಕಾನೂನು, ಅಂದರೆ ನಮ್ಮ ಚರ್ಚಿನ ಸ್ವಂತ ಕಾನೂನು, ಫಾದರ್, ಸಿಸ್ಟರ್‌ಗಳಿಗೆ ಮಾತ್ರ ಅಂದೆಯಲ್ಲ, ಹಾಗಲ್ಲ ಮಗಳೇ. ಕ್ಯಾಥೊಲಿಕ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರಿಗೆ, ಏಳು ವರ್ಷ ತುಂಬಿ ಬುದ್ಧಿ ತಿಳಿದ ಮೇಲೆ, ಅದು ಅನ್ವಯಿಸುತ್ತದೆ. ವರ್ಷದಿಂದ ಪೂಜೆಗೆ ಹೋಗಿಲ್ಲ ಅಂದರೂ ಅಷ್ಟೇ. ದೀಕ್ಷಾಸ್ನಾನ ಆಗದವರನ್ನು ಮದುವೆಯಾಗಲು ಬಿಷಪರ ಡಿಸ್ಪೆನ್ಸೇಶನ್, ಅಂದರೆ ನಿಯಮದಿಂದ ವಿನಾಯಿತಿ, ಬೇಕು. ಅದಿಲ್ಲದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದರೆ ಸರಕಾರದ ಲೆಕ್ಕದಲ್ಲಿ ನೀವು ಗಂಡ ಹೆಂಡತಿ, ಚರ್ಚಿನ ಲೆಕ್ಕದಲ್ಲಿ ಅಲ್ಲ. ಇದರ ಉಲ್ಟಾ ಕೂಡ ಇದೆ. ಚರ್ಚಿನ ಕೋರ್ಟು ಒಂದು ಮದುವೆಯನ್ನು ಅಸಿಂಧು ಅಂದರೂ ಸರಕಾರಕ್ಕೆ ಅದು ಸಾಲದು. ನಮ್ಮ ಮಂಗಳೂರಿನ ವಕೀಲರೊಬ್ಬರು ಚರ್ಚಿನ ಕೋರ್ಟಿನ ಆ ತೀರ್ಪನ್ನು ಸರಕಾರವೂ ಒಪ್ಪಬೇಕೆಂದು ಸುಪ್ರೀಂ ಕೋರ್ಟಿನ ತನಕ ಹೋಗಿ ಕೇಳಿದ್ದರು. 2017ರಲ್ಲಿ ಅರ್ಜಿ ವಜಾ ಆಯಿತು.

ಇದನ್ನೆಲ್ಲ ನಿನ್ನ ಮುಂದೆ ಹಿಡಿಯಲೆಂದೇ ನಾನು ಫಾದರ್ ಹತ್ತಿರ ಆ ಪುಸ್ತಕ ಕೇಳಿ ತಂದದ್ದು. ಕ್ಯಾನನ್ ಕಾನೂನಿನ 1983ರ ಸಂಹಿತೆ, ಒಟ್ಟು 1752 ವಿಧಿಗಳು. ನಿನ್ನನ್ನು ಕಟ್ಟಿಹಾಕಲು ಹೊರಟವಳಿಗೆ 748ನೇ ವಿಧಿ ಸಿಕ್ಕಿತು. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ, ಬಲವಂತದಿಂದ ಕ್ಯಾಥೊಲಿಕ್ ವಿಶ್ವಾಸಕ್ಕೆ ತರಬಾರದಂತೆ. "ಅವನು ದೀಕ್ಷಾಸ್ನಾನ ತೆಗೆದುಕೊಂಡರೆ ಮಾತ್ರ ಈ ಮನೆಗೆ ಬರಲಿ" ಅಂತ ನಾನು ಕೂಗಾಡಿದ್ದು ಆಗ ನೆನಪಾಯಿತು. ಚರ್ಚ್ ಕೇಳದ್ದನ್ನು ಚರ್ಚಿನ ಹೆಸರಿನಲ್ಲಿ ನಾನು ಕೇಳಿದೆ. 219ನೇ ವಿಧಿ ಇನ್ನೂ ನೇರ. ತನ್ನ ಜೀವನದ ದಾರಿ ಆರಿಸಿಕೊಳ್ಳುವಾಗ ಯಾರ ಒತ್ತಾಯವೂ ಇರಬಾರದೆಂಬುದು ಪ್ರತಿಯೊಬ್ಬ ಕ್ಯಾಥೊಲಿಕರ ಹಕ್ಕು. ಆ ಹಕ್ಕು ನಿನ್ನದು. ಅದನ್ನು ಮುರಿಯದೆ ಇರುವ ಜವಾಬ್ದಾರಿ ನನ್ನದು. ನಾನೂ ದೀಕ್ಷಾಸ್ನಾನ ಪಡೆದವಳೇ ಅಲ್ವಾ?

ನನ್ನ ಷರತ್ತನ್ನು ವಾಪಸ್ ತೆಗೆದುಕೊಂಡಿದ್ದೇನೆ. ತಪ್ಪಾಯಿತು ಪುಟ್ಟಿ.

ಆದರೆ ಒಂದು ಮಾತು. ಡಿಸ್ಪೆನ್ಸೇಶನ್ ಕೇಳುವಾಗ ನೀನು ಮಾತು ಕೊಡಬೇಕಾಗುತ್ತದೆ. ನಿನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ನಿನ್ನಿಂದ ಆದದ್ದೆಲ್ಲ ಮಾಡುತ್ತೇನೆ ಅಂತ. ಈ ಮಾತು ಕೊಡಬೇಕಾದದ್ದು ನೀನು, ಅವನಲ್ಲ. ನೀನು ಏನು ಒಪ್ಪಿಕೊಂಡಿದ್ದೀ ಅಂತ ಅವನಿಗೆ ಸರಿಯಾಗಿ ಗೊತ್ತಿರಬೇಕು. ಕೆಲಸ ಆಗಲಿ ಅಂತ ಸುಮ್ನೆ ಸಹಿ ಹಾಕಬೇಡ. ಉಡುಪಿಯಲ್ಲಿ ಅವನ ತಂದೆತಾಯಿಗೂ ಮೊದಲೇ ಹೇಳಿ. ಆಮೇಲೆ ಮಗುವಿನ ತೊಟ್ಟಿಲ ಹತ್ತಿರ ನಿಂತು ವಾದ ಮಾಡುವುದು ಬೇಡ. ನಿನಗೆ ಆ ಮಾತು ಕೊಡಲು ಮನಸ್ಸಿಲ್ಲದಿದ್ದರೆ ಅದನ್ನೂ ನನಗೆ ಹೇಳು. ನಾನು ಕೂಗಾಡುವುದಿಲ್ಲ.

ಫಾದರ್ ನಿಮ್ಮಿಬ್ಬರನ್ನೂ ಒಟ್ಟಿಗೆ ನೋಡಬೇಕು ಅಂದಿದ್ದಾರೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ನಮ್ಮ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅವನನ್ನೂ ಕರೆದುಕೊಂಡು ಬಾ. ಆವತ್ತು ನಮ್ಮಲ್ಲಿ ಹೇಗೂ ಮೀನು ಮಾಂಸ ಇಲ್ಲ, ಅವನಿಗೆ ಊಟಕ್ಕೆ ಸಂಕೋಚ ಆಗದು. ಕಳೆದ ವರ್ಷ ಹೊಸ ತೆನೆಯ ಕಾಳನ್ನು ನಿನಗೆ ಕವರಿನಲ್ಲಿ ಹಾಕಿ ಕಳಿಸಿದ್ದೆ. ಈ ಸಲ ಹಾಲಿಗೆ ಹಾಕಿ ನಿಮ್ಮಿಬ್ಬರಿಗೂ ನಾನೇ ಕೊಡುತ್ತೇನೆ.

ನಿನ್ನ ಅಮ್ಮ